ಹಸಿರು ಬರವನ್ನು ಉಪಗ್ರಹದ ಚಿತ್ರದಲ್ಲಿ ಹಿಡಿಯುವುದು ಹೇಗೆ?

2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಪಟ್ಟಿಗೆ ಸೇರಿದವು. ಆ ಅಕ್ಟೋಬರ್‌ನಲ್ಲಿ ಕೇಂದ್ರದ ತಂಡ ಬೆಳೆ ಹಾನಿ ನೋಡಲು ಬಂದಾಗ ರಾಜ್ಯ ಸರ್ಕಾರ ಒಂದು ಮಾತನ್ನು ಒತ್ತಿ ಹೇಳಿತು. ಇದು ಹಸಿರು ಬರ. ರಸ್ತೆಯಿಂದ ನೋಡಿದರೆ ಹೊಲ ಹಸಿರಾಗಿಯೇ ಇದೆ. ಒಳಗೆ ಹೋಗಿ ಮೆಕ್ಕೆಜೋಳದ ತೆನೆ ಸುಲಿದರೆ ಕಾಳಿಲ್ಲ. ರಾಗಿ ಪೈರು ನಿಂತಿದೆ, ತೆನೆ ಮಾತ್ರ ಜೊಳ್ಳು.

ರಸ್ತೆ ಬದಿ ಕಾರು ನಿಲ್ಲಿಸಿ ನೋಡುವವರಿಗೆ ಆಗುವ ಈ ಮೋಸ 786 ಕಿಲೋಮೀಟರ್ ಮೇಲಿಂದ ನೋಡುವ ಉಪಗ್ರಹಕ್ಕೂ ಆಗುತ್ತದೆ. ಬಹಳ ಜನ ಎನ್‌ಡಿವಿಐ ಅನ್ನುವ, ಹಸಿರು ಎಷ್ಟಿದೆ ಅಂತ ಅಳೆಯುವ ಒಂದು ನಕ್ಷೆ ತೆಗೆದು, ಹಸಿರಿದ್ದರೆ ಬೆಳೆ ಚೆನ್ನಾಗಿದೆ, ಕೆಂಪಿದ್ದರೆ ಬರ ಅಂತ ಬರೆದುಬಿಡುತ್ತಾರೆ. ಹಸಿರು ಬರ ಆ ನಕ್ಷೆಯಲ್ಲಿ ಸಿಗುವುದು ಕಷ್ಟ. ಅದನ್ನು ಹಿಡಿಯಬೇಕಾದರೆ ಎಲೆಯಲ್ಲಿ ನೀರೆಷ್ಟಿದೆ, ಮಳೆ ಯಾವಾಗ ಕೈಕೊಟ್ಟಿತು, ಆಗ ಬೆಳೆ ಯಾವ ಹಂತದಲ್ಲಿತ್ತು ಎಂಬ ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಇದಕ್ಕೆ ದುಡ್ಡು ಬೇಕಿಲ್ಲ. ಒಂದು ಲ್ಯಾಪ್‌ಟಾಪ್, ಇಂಟರ್ನೆಟ್, ಸ್ವಲ್ಪ ತಾಳ್ಮೆ ಸಾಕು. ಕಾಲೇಜು ವಿದ್ಯಾರ್ಥಿಗಳು, ರೈತ ಉತ್ಪಾದಕ ಸಂಸ್ಥೆಯವರು, ವರದಿಗಾರರು, ಕುತೂಹಲ ಇರುವ ರೈತರು ಯಾರು ಬೇಕಾದರೂ ಮಾಡಬಹುದು.

ಉದಾಹರಣೆಗೆ ತುಮಕೂರು, ಚಿತ್ರದುರ್ಗ ಕಡೆಯ ಮಳೆ ನಂಬಿದ ರಾಗಿ ಹೊಲಗಳನ್ನೇ ಇಟ್ಟುಕೊಳ್ಳೋಣ. ಬೇರೆ ಬೆಳೆಗೆ, ಕಾಡಿಗೆ ಏನು ಬದಲಾಗುತ್ತದೆ ಅನ್ನುವುದು ಮುಂದೆ ಬರುತ್ತದೆ.

ಹೆಜ್ಜೆ 1: ಹೊಲ ಆರಿಸಿ, ಗಡಿ ಬರೆಯಿರಿ

ನಮಗೆ ಮುಖ್ಯವಾಗಿ ಬೇಕಾದದ್ದು ಸೆಂಟಿನೆಲ್-2 ಚಿತ್ರಗಳು. ಇವು ಯುರೋಪಿನ ಕೊಪರ್ನಿಕಸ್ ಯೋಜನೆಯ ಉಪಗ್ರಹಗಳು. ಮೊದಲನೆಯದು 2015ರಲ್ಲಿ, ಎರಡನೆಯದು 2017ರಲ್ಲಿ ಮೇಲಕ್ಕೆ ಹೋಯಿತು. ಜೋಡಿಯಾಗಿ ಕೆಲಸ ಮಾಡುವುದರಿಂದ 5 ದಿನಕ್ಕೊಮ್ಮೆ ನಿಮ್ಮ ಊರಿನ ಚಿತ್ರ ಸಿಗುತ್ತದೆ. ಎಲ್ಲವೂ ಉಚಿತ.

ಇದರ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. 100 ಚದರ ಮೀಟರ್ ಆಯಿತು. ನಮ್ಮ ಗುಂಟೆ 101 ಚದರ ಮೀಟರ್. ಹಾಗಾಗಿ ಲೆಕ್ಕ ತುಂಬಾ ಸುಲಭ: ಒಂದು ಪಿಕ್ಸೆಲ್ ಒಂದು ಗುಂಟೆ, ಎಕರೆಗೆ 40 ಪಿಕ್ಸೆಲ್. ಉಪಗ್ರಹ ಒಂದೊಂದು ಬಗೆಯ ಬೆಳಕನ್ನು ಒಂದೊಂದು ಪಟ್ಟಿಯಾಗಿ, ಅಂದರೆ ಬ್ಯಾಂಡ್ ಆಗಿ, ಅಳೆಯುತ್ತದೆ. ಇದೇ ಉಪಗ್ರಹದ ಕೆಲವು ಬ್ಯಾಂಡ್‌ಗಳು 20 ಮೀಟರಿನವು. ಅಲ್ಲಿ ಒಂದು ಪಿಕ್ಸೆಲ್ 4 ಗುಂಟೆ. ಅಮೆರಿಕದ ಲ್ಯಾಂಡ್‌ಸ್ಯಾಟ್‌ನಲ್ಲಿ ಸುಮಾರು 9 ಗುಂಟೆ. ಮೋಡಿಸ್ ಎಂಬ ಹಳೆಯ ಉಪಕರಣದ ಚಿತ್ರದಲ್ಲಿ ಒಂದು ಪಿಕ್ಸೆಲ್‌ಗೆ 15 ಎಕರೆ ದಾಟುತ್ತದೆ. 15 ಎಕರೆಯಲ್ಲಿ ರಾಗಿ, ತೆಂಗು, ಬೀಳು, ಕಟ್ಟೆ ಎಲ್ಲ ಇರುತ್ತವೆ ಅಲ್ವಾ? ಯಾವ ಉಪಗ್ರಹ ಯಾವ ಪ್ರಶ್ನೆಗೆ ಅನ್ನುವುದು ಇಲ್ಲೇ ತೀರ್ಮಾನವಾಗುತ್ತದೆ.

ಅರ್ಧ ಎಕರೆ ಹೊಲ ಚೌಕವಾಗಿದ್ದರೆ ಒಂದು ಬದಿ ಸುಮಾರು 45 ಮೀಟರ್. ಬದುವಿನ ಮರ, ಪಕ್ಕದ ಹೊಲ ಸೇರಿಕೊಳ್ಳದಿರಲಿ ಅಂತ ಸುತ್ತ 10 ಮೀಟರ್ ಬಿಟ್ಟರೆ ಒಳಗೆ ಉಳಿಯುವುದು 6 ಗುಂಟೆ. 20 ಮೀಟರಿನ ಬ್ಯಾಂಡ್‌ಗೆ ಅದು ಒಂದು ಪಿಕ್ಸೆಲ್‌ಗೆ ಸಾಕಾದರೆ ಹೆಚ್ಚು. ಆದ್ದರಿಂದ ಒಂದೇ ಬೆಳೆ ಇರುವ, 2 ಎಕರೆಗೆ ಕಡಿಮೆ ಇಲ್ಲದ ತುಂಡುಗಳನ್ನು ಆರಿಸಿ. ಅಕ್ಕಪಕ್ಕದ ಇಬ್ಬರು ಮೂವರು ರೈತರು ಒಂದೇ ಹೊತ್ತಿಗೆ ರಾಗಿ ಹಾಕಿದ್ದರೆ ಅವರ ಹೊಲಗಳನ್ನು ಸೇರಿಸಿ ಒಂದೇ ತುಂಡು ಮಾಡಿಕೊಳ್ಳಬಹುದು.

ಗಡಿ ಹುಡುಕಲು ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ ದಿಶಾಂಕ್ ಆ್ಯಪ್ ಒಳ್ಳೆಯದು. ಹೊಲದಲ್ಲಿ ನಿಂತು ತೆರೆದರೆ ಸರ್ವೆ ನಂಬರ್ ತೋರಿಸುತ್ತದೆ. ಆಮೇಲೆ ಗೂಗಲ್ ಅರ್ಥ್‌ನಲ್ಲಿ ಅದೇ ಜಾಗದ ಮೇಲೆ ಗೆರೆ ಎಳೆದು ಕೆಎಂಎಲ್ ಫೈಲ್ ಆಗಿ ಉಳಿಸಿ. ಸರ್ವೆ ಗಡಿಯನ್ನು ಹಾಗೇ ಇಳಿಸಬೇಡಿ. ಒಂದೇ ಸರ್ವೆ ನಂಬರ್‌ನಲ್ಲಿ ನಾಲ್ಕು ಹಿಸ್ಸೆ, ನಾಲ್ಕು ಬೆಳೆ ಇರುವುದು ಮಾಮೂಲು. ಬೆಳೆ ಇರುವ ಜಾಗಕ್ಕೆ ಮಾತ್ರ ಗೆರೆ ಹಾಕಿ.

ಇಡೀ ಗ್ರಾಮದ ಸರಾಸರಿ ತೆಗೆಯುವ ಆಸೆ ಬರುತ್ತದೆ. ಬೇಡ. ಬಯಲುಸೀಮೆಯಲ್ಲಿ ಬಳ್ಳಾರಿ ಜಾಲಿ ಕೆರೆ ಅಂಗಳ, ಗೋಮಾಳ ಎಲ್ಲ ಹಬ್ಬಿದೆ. ಅದರ ಬೇರು ಆಳಕ್ಕೆ ಹೋಗುತ್ತದೆ, ಬರಗಾಲದಲ್ಲೂ ಹಸಿರಾಗಿರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ ಕಡೆ ನೀಲಗಿರಿ ತೋಪುಗಳದ್ದೂ ಇದೇ ಕಥೆ. ಇವು ಸೇರಿಕೊಂಡರೆ ರಾಗಿ ಒಣಗಿದ ಊರಿನ ಸರಾಸರಿಯೂ ಚೆನ್ನಾಗಿಯೇ ಬರುತ್ತದೆ.

ಮಳೆಯಾಶ್ರಿತ ಹೊಲಗಳ ಜೊತೆಗೆ ಬೋರ್‌ವೆಲ್ ನೀರಿರುವ ಒಂದೆರಡು ಹೊಲಗಳನ್ನೂ ಗುರುತು ಮಾಡಿಕೊಳ್ಳಿ. ಅದೇ ಮಣ್ಣು, ಅದೇ ಬಿಸಿಲು, ನೀರು ಮಾತ್ರ ಬೇರೆ. ಹೋಲಿಕೆಗೆ ಇದಕ್ಕಿಂತ ಒಳ್ಳೆಯದು ಸಿಗದು.

ಹೆಜ್ಜೆ 2: ಮೋಡ ಇಲ್ಲದ ಚಿತ್ರ ಹುಡುಕಿ

ಕೊಪರ್ನಿಕಸ್ ಬ್ರೌಸರ್ ಅಂತ ಹುಡುಕಿದರೆ ತಾಣ ಸಿಗುತ್ತದೆ. ಇಮೇಲ್ ಕೊಟ್ಟು ಖಾತೆ ತೆರೆಯಿರಿ. ನಿಮ್ಮ ಕೆಎಂಎಲ್ ಹಾಕಿ. ಸೆಂಟಿನೆಲ್-2ರಲ್ಲಿ ಎಲ್2ಎ ಎಂಬ ಬಗೆಯನ್ನು ಆರಿಸಿ. ಇದು ಗಾಳಿಯ ಧೂಳು, ಹಬೆಯ ಪರಿಣಾಮ ತೆಗೆದ ಚಿತ್ರ. ಆ ಪರಿಣಾಮ ತೆಗೆಯದ ಎಲ್1ಸಿ ಬಗೆ ತೆಗೆದುಕೊಂಡರೆ ಬೇರೆ ಬೇರೆ ದಿನದ ಸಂಖ್ಯೆಗಳನ್ನು ಹೋಲಿಸುವುದು ಕಷ್ಟ.

ಮುಂಗಾರಿನಲ್ಲಿ ದೊಡ್ಡ ತಲೆನೋವು ಮೋಡ. 5 ದಿನಕ್ಕೊಮ್ಮೆ ಚಿತ್ರ ಬಂದರೂ ಜುಲೈ, ಆಗಸ್ಟ್‌ನಲ್ಲಿ ತಿಂಗಳಿಗೆ ಒಂದೆರಡು ಕೈಗೆ ಹತ್ತಿದರೆ ಪುಣ್ಯ. ಬರದ ವರ್ಷದಲ್ಲಿ ಆಕಾಶ ತಿಳಿಯಾಗಿರುವುದರಿಂದ ಚಿತ್ರ ಜಾಸ್ತಿ ಸಿಗುತ್ತದೆ, ಮಳೆ ಒಳ್ಳೆಯದಾದ ವರ್ಷ ಕಡಿಮೆ. ಹೋಲಿಕೆ ಮಾಡುವಾಗ ಈ ಓರೆಯೂ ನೆನಪಿರಲಿ.

ಇಡೀ ಚಿತ್ರದಲ್ಲಿ ಶೇ 60 ಮೋಡ ಅಂತ ತೋರಿಸಿದರೂ ನಿಮ್ಮ ಹೊಲದ ಮೇಲೆ ಇಲ್ಲದಿರಬಹುದು. ಒಂದು ಚಿತ್ರ 100 ಕಿಲೋಮೀಟರಿಗೂ ಹೆಚ್ಚು ಅಗಲ. ಆದ್ದರಿಂದ ಮೋಡದ ಸೋಸುವಿಕೆಯನ್ನು ತೀರಾ ಬಿಗಿ ಮಾಡಬೇಡಿ, ತೆರೆದು ಕಣ್ಣಿನಿಂದಲೇ ನೋಡಿ. ಚಿತ್ರದ ಜೊತೆಗೇ ಎಸ್‌ಸಿಎಲ್ ಎಂಬ ಪದರ ಬರುತ್ತದೆ. ಅದರಲ್ಲಿ ಪ್ರತಿ ಪಿಕ್ಸೆಲ್‌ಗೂ ಒಂದು ಅಂಕಿ. 4 ಅಂದರೆ ಗಿಡಮರ, 5 ಅಂದರೆ ಬರಿ ನೆಲ, 3 ಅಂದರೆ ಮೋಡದ ನೆರಳು, 8 ಮತ್ತು 9 ಮೋಡ, 10 ತೆಳು ಮೋಡ. 3, 8, 9, 10 ಇರುವ ಪಿಕ್ಸೆಲ್‌ಗಳನ್ನು ಬಿಟ್ಟುಬಿಡಿ. ಮೋಡ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ, ಬಿಡಿ. ಯಾಮಾರಿಸುವುದು ಅದರ ನೆರಳು ಮತ್ತು ತೆಳು ಮೋಡ. ನಿಜಬಣ್ಣದ ಚಿತ್ರದಲ್ಲಿ ಹೊಲ ಚೆನ್ನಾಗಿ ಕಂಡರೂ ಸಂಖ್ಯೆ ಕೆಳಗೆ ಬಿದ್ದಿರುತ್ತದೆ.

ನೀವೇ ಚಿತ್ರ ಇಳಿಸಿಕೊಂಡು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಲೆಕ್ಕ ಮಾಡುವವರಾದರೆ ಇನ್ನೊಂದು ವಿಷಯ. 2022ರ ಜನವರಿ 25ರಿಂದ ಸೆಂಟಿನೆಲ್-2 ಫೈಲ್‌ಗಳಲ್ಲಿ ಪ್ರತಿ ಪಿಕ್ಸೆಲ್ ಬೆಲೆಗೆ 1000 ಸೇರಿಸಿ ಕೊಡುತ್ತಿದ್ದಾರೆ. ಅದನ್ನು ಕಳೆಯದೆ 2021ನ್ನೂ 2023ನ್ನೂ ಹೋಲಿಸಿದರೆ ಇಡೀ ಜಿಲ್ಲೆ ಒಂದೇ ದಿನದಲ್ಲಿ ಒಣಗಿದಂತೆ ಕಾಣುತ್ತದೆ. ಗೂಗಲ್ ಅರ್ಥ್ ಎಂಜಿನ್‌ನಲ್ಲಿ ಮಾಡುವವರು ಹಾರ್ಮೊನೈಸ್ಡ್ ಎಂದಿರುವ ಸಂಗ್ರಹವನ್ನೇ ಬಳಸಿ, ಅದರಲ್ಲಿ ಈ ಸರಿಪಡಿಕೆ ಆಗಿರುತ್ತದೆ.

ಹೆಜ್ಜೆ 3: ಹಸಿರು ಬೇರೆ, ನೀರು ಬೇರೆ

ಎಲೆಯ ಪತ್ರಹರಿತ್ತು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಎಲೆಯ ಒಳಗಿನ ರಚನೆ ಕಣ್ಣಿಗೆ ಕಾಣದ ಸಮೀಪ ಅವಗೆಂಪು ಬೆಳಕನ್ನು ವಾಪಸ್ ಎಸೆಯುತ್ತದೆ. ಈ ಎರಡರ ಅಂತರವೇ ಎನ್‌ಡಿವಿಐ. ಸೆಂಟಿನೆಲ್-2ರಲ್ಲಿ ಬಿ4 ಕೆಂಪಿನ ಬ್ಯಾಂಡ್, ಬಿ8 ಸಮೀಪ ಅವಗೆಂಪಿನದು. ಲೆಕ್ಕ ಹೀಗೆ:

ಎನ್‌ಡಿವಿಐ = (ಬಿ8 − ಬಿ4) ÷ (ಬಿ8 + ಬಿ4)

ಇದಕ್ಕಿಂತ ಉದ್ದದ ಅಲೆಯ ಬೆಳಕಿಗೆ, ಅಂದರೆ ಬಿ11 ಬ್ಯಾಂಡ್‌ಗೆ, ಎಲೆಯಲ್ಲಿರುವ ನೀರು ಗೊತ್ತಾಗುತ್ತದೆ. ನೀರಿದ್ದರೆ ಆ ಬೆಳಕನ್ನು ಎಲೆ ಹೀರುತ್ತದೆ. ನೀರು ಕಡಿಮೆಯಾದಂತೆ ಜಾಸ್ತಿ ವಾಪಸ್ ಬರುತ್ತದೆ. ಇದರಿಂದ ಮಾಡಿದ್ದು ತೇವದ ಸೂಚ್ಯಂಕ (ಬಿ8ಎ ಕೂಡ ಸಮೀಪ ಅವಗೆಂಪಿನ ಬ್ಯಾಂಡೇ):

ಎನ್‌ಡಿಎಂಐ = (ಬಿ8ಎ − ಬಿ11) ÷ (ಬಿ8ಎ + ಬಿ11)

ಹಸಿರು ಬರಕ್ಕೆ ಇದು ಯಾಕೆ ಬೇಕು ಅನ್ನುವುದಕ್ಕೆ ಒಂದು ಲೆಕ್ಕ ಮಾಡಿ ನೋಡೋಣ. ಸಂಖ್ಯೆಗಳು ಉದಾಹರಣೆಗೆ ಮಾತ್ರ. ತೇವ ಇದ್ದಾಗ ರಾಗಿ ಹೊಲದಲ್ಲಿ ಅವಗೆಂಪು 0.40, ಕೆಂಪು 0.06, ಬಿ11 0.20 ಇತ್ತು ಅನ್ನಿ. ಎನ್‌ಡಿವಿಐ 0.74, ಎನ್‌ಡಿಎಂಐ 0.33 ಬರುತ್ತದೆ. ಮಳೆ ನಿಂತು ಕೆಲವು ವಾರ ಆಯಿತು. ಈಗ ಅವಗೆಂಪು 0.38, ಕೆಂಪು 0.07, ಬಿ11 0.30. ಎನ್‌ಡಿವಿಐ 0.69. ಏನೂ ಆಗಿಲ್ಲ ಅನ್ನುವಂತಿದೆ. ಎನ್‌ಡಿಎಂಐ ಮಾತ್ರ 0.12ಕ್ಕೆ ಕುಸಿದಿದೆ. ಎಲೆ ಇನ್ನೂ ಹಸಿರೇ, ನೀರು ಮಾತ್ರ ಖಾಲಿಯಾಗುತ್ತಿದೆ.

ಹಾಗಾಗಿ ಎರಡನ್ನೂ ಒಂದೇ ಗ್ರಾಫ್‌ನಲ್ಲಿ ಹಾಕಿ. ಎರಡೂ ಒಟ್ಟಿಗೆ ಇಳಿದರೆ ಬೆಳೆ ಮಾಗುತ್ತಿರಬಹುದು, ಕೊಯ್ಲಾಗಿರಬಹುದು, ಪೂರ್ತಿ ಒಣಗಿರಬಹುದು. ಎನ್‌ಡಿವಿಐ ಮೇಲೇ ನಿಂತು ಎನ್‌ಡಿಎಂಐ ಮಾತ್ರ ಜಾರಿದರೆ ಅಲ್ಲಿ ನಿಮ್ಮ ಗಮನ ಇರಲಿ.

ಬ್ರೌಸರ್‌ನಲ್ಲಿ ಎನ್‌ಡಿವಿಐ ಮತ್ತು ಮಾಯಿಶ್ಚರ್ ಇಂಡೆಕ್ಸ್ ಎಂಬ ಪದರಗಳು ಸಿದ್ಧ ಇರುತ್ತವೆ, ಲೆಕ್ಕ ನೀವು ಮಾಡಬೇಕಿಲ್ಲ. ಪಕ್ಕದಲ್ಲೇ ಎನ್‌ಡಿಡಬ್ಲ್ಯುಐ ಎಂಬುದೂ ಇದೆ. ಅಲ್ಲಿ ಅದು ಕೆರೆ, ಹೊಳೆಯ ನೀರು ಗುರುತಿಸುವ ಲೆಕ್ಕ. ಕೆಲವು ಪುಸ್ತಕಗಳಲ್ಲಿ ಎಲೆಯ ತೇವದ ಲೆಕ್ಕಕ್ಕೂ ಅದೇ ಹೆಸರಿದೆ. ಹೆಸರು ನೋಡಿ ಒತ್ತಬೇಡಿ, ಒಳಗೆ ಯಾವ ಬ್ಯಾಂಡ್ ಇದೆ ಅಂತ ನೋಡಿ. ಬಿ11 ಇರಬೇಕು.

ಬೆಳೆ ಚಿಕ್ಕದಿರುವಾಗ ಈ ಎರಡನ್ನೂ ನಂಬುವಂತಿಲ್ಲ. ಸಾಲಿನ ನಡುವೆ ಕಾಣುವ ಕೆಮ್ಮಣ್ಣೇ ಹೆಚ್ಚು ಮಾತಾಡುತ್ತಿರುತ್ತದೆ. ಪೈರು ನೆಲ ಮುಚ್ಚಿದ ಮೇಲೆ ಶುರು ಮಾಡಿ.

ಹೆಜ್ಜೆ 4: ಹಿಂದಿನ ವರ್ಷಗಳ ಇದೇ ವಾರಕ್ಕೆ ಹೋಲಿಸಿ

ನನ್ನ ಪ್ರಕಾರ ಇದೇ ಇಡೀ ಕೆಲಸದ ಜೀವಾಳ. ಎನ್‌ಡಿವಿಐ 0.45 ಅಂತ ಯಾರಾದರೂ ಹೇಳಿದರೆ ಅದು ವಯಸ್ಸು ಹೇಳದೆ ಮಗುವಿನ ತೂಕ ಹೇಳಿದ ಹಾಗೆ. ಜುಲೈ ಕೊನೆಯ ರಾಗಿಗೆ ಅದು ಒಳ್ಳೆಯದು, ಅಕ್ಟೋಬರ್ ಮೊದಲ ವಾರಕ್ಕೆ ಕೆಟ್ಟದ್ದು.

ಸುಲಭದ ವಿಧಾನ ವಿಸಿಐ, ಅಂದರೆ ಸಸ್ಯ ಸ್ಥಿತಿ ಸೂಚ್ಯಂಕ. ಅದೇ ಹೊಲದ, ಅದೇ ವಾರದ, ಹಿಂದಿನ ಎಲ್ಲ ವರ್ಷಗಳ ಬೆಲೆ ಬರೆದುಕೊಳ್ಳಿ. ಅತಿ ಹೆಚ್ಚು 0.72, ಅತಿ ಕಡಿಮೆ 0.38, ಈ ವರ್ಷ 0.45 ಅನ್ನಿ. ಈ ವರ್ಷದ್ದರಿಂದ ಕಡಿಮೆಯದ್ದನ್ನು ಕಳೆದರೆ 0.07. ಹೆಚ್ಚಿನದರಿಂದ ಕಡಿಮೆಯದ್ದನ್ನು ಕಳೆದರೆ 0.34. ಭಾಗಿಸಿ 100ರಿಂದ ಗುಣಿಸಿದರೆ ಸುಮಾರು 21. ಕೇಂದ್ರ ಸರ್ಕಾರದ 2016ರ ಬರ ಕೈಪಿಡಿಯಲ್ಲಿ 60ರಿಂದ 100 ಒಳ್ಳೆಯದು, 40ರಿಂದ 60 ಪರವಾಗಿಲ್ಲ, 40ಕ್ಕಿಂತ ಕೆಳಗೆ ಕಳಪೆ. ನಮ್ಮ 21 ಕಳಪೆ. ಇದೇ ಲೆಕ್ಕವನ್ನು ಎನ್‌ಡಿಎಂಐಗೂ ಮಾಡಿ.

ಇದರಲ್ಲಿ ಎಡವಿ ಬೀಳುವ ಎರಡು ಗುಂಡಿಗಳಿವೆ.

ಒಂದು, ಬಿತ್ತನೆ ದಿನ. 2023ರಲ್ಲಿ ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ. ಜೂನ್ ಒಣಗಿತು, ಜುಲೈನಲ್ಲಿ ಮಳೆ ಬಂತು, ಬಿತ್ತನೆ ಹಿಂದೆ ಬಿತ್ತು. ತಡವಾಗಿ ಬಿತ್ತಿದ ರಾಗಿ ಸೆಪ್ಟೆಂಬರ್‌ನಲ್ಲಿ ಸಣ್ಣದಿರುವುದು ಸಹಜ. ಅದನ್ನು ಬೇಗ ಬಿತ್ತಿದ ವರ್ಷದ ಸೆಪ್ಟೆಂಬರ್‌ಗೆ ಹೋಲಿಸಿದರೆ ಬಾಡಿದಂತೆ ಕಾಣುತ್ತದೆ. ಆದ್ದರಿಂದ ತಾರೀಖಿನ ಬದಲು ಬೆಳೆಯ ವಯಸ್ಸಿಗೆ ಹೋಲಿಸಿ. ಬಿತ್ತಿದ ದಿನ ರೈತರನ್ನು ಕೇಳಿದರೆ ಗೊತ್ತಾಗುತ್ತದೆ. ಹಳೆಯ ವರ್ಷದ್ದು ನೆನಪಿಲ್ಲದಿದ್ದರೆ ಗ್ರಾಫ್‌ನಲ್ಲಿ ಎನ್‌ಡಿವಿಐ ಮೇಲೇರಲು ಶುರುವಾದ ದಿನವನ್ನು ಹಿಡಿದುಕೊಳ್ಳಿ.

ಇನ್ನೊಂದು, ಬೆಳೆ ಬದಲಾವಣೆ. ಹೋದ ವರ್ಷ ಅಲ್ಲಿ ಶೇಂಗಾ ಇತ್ತೋ, ಹುರುಳಿ ಇತ್ತೋ, ಬೀಳು ಬಿಟ್ಟಿದ್ದರೋ? ಪಹಣಿಯಲ್ಲಿ, ಬೆಳೆ ಸಮೀಕ್ಷೆಯ ವಿವರದಲ್ಲಿ ನೋಡಬಹುದು. ಪಹಣಿಯ ಬೆಳೆ ಕಲಂ ಯಾವಾಗಲೂ ಸರಿಯಿರುತ್ತದೆ ಅಂತ ಹೇಳುವಷ್ಟು ಧೈರ್ಯ ನನಗಿಲ್ಲ, ಊರಲ್ಲೂ ಒಂದು ಮಾತು ಕೇಳಿ.

ಹೆಜ್ಜೆ 5: ಮಳೆ ಮತ್ತು ಬೆಳೆ ಹಂತ ಜೋಡಿಸಿ

ಕರ್ನಾಟಕದವರಿಗೆ ಇಲ್ಲಿ ಒಂದು ಅನುಕೂಲ ಇದೆ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ಸಂಸ್ಥೆ ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟಕ್ಕೆ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕ ಇಟ್ಟಿದ್ದಾರೆ. ಹೋಬಳಿವಾರು ಮಳೆ ವರದಿ ಅವರ ತಾಣದಲ್ಲಿ ಸಿಗುತ್ತದೆ. ಜಿಲ್ಲೆಯ ಸರಾಸರಿ ತೆಗೆದುಕೊಳ್ಳಬೇಡಿ. ಈ ಕೆರೆ ಏರಿಯ ಆಚೆ ಮಳೆ, ಈಚೆ ಬಿಸಿಲು ಅನ್ನುವುದು ನಮಗೆ ಹೊಸದಲ್ಲವಲ್ಲ. ಹಳೆಯ ವರ್ಷಗಳ ಲೆಕ್ಕ ಬೇಕಿದ್ದರೆ ಚಿರ್ಪ್ಸ್ ಎಂಬ ಉಪಗ್ರಹ ಆಧಾರಿತ ಮಳೆ ದತ್ತಾಂಶ 1981ರಿಂದ ಇದೆ, ಸುಮಾರು 5 ಕಿಲೋಮೀಟರ್ ಚೌಕಕ್ಕೆ ಒಂದು ಬೆಲೆ.

ವಾರವಾರದ ಮಳೆಯನ್ನು ಕಂಬಗಳಾಗಿ ಬರೆದು ಅದರ ಮೇಲೆ ಎನ್‌ಡಿವಿಐ, ಎನ್‌ಡಿಎಂಐ ಗೆರೆ ಎಳೆಯಿರಿ. ಬರ ಕೈಪಿಡಿಯ ಪ್ರಕಾರ ಮೂರು ನಾಲ್ಕು ವಾರ ಸತತವಾಗಿ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆ ಬಿದ್ದರೆ ಅದು ಒಣ ಅವಧಿ. ಅದನ್ನು ಗ್ರಾಫ್‌ನಲ್ಲಿ ಬಣ್ಣ ಹಾಕಿ ಗುರುತಿಸಿ. ತುಮಕೂರಿನ ಮರಳುಮಿಶ್ರಿತ ಕೆಂಪು ಮಣ್ಣು ಬೇಗ ಒಣಗುತ್ತದೆ. ಕಲಬುರಗಿಯ ಎರೆ ಭೂಮಿ ತೇವ ಹಿಡಿದಿಟ್ಟುಕೊಳ್ಳುತ್ತದೆ, ಅಲ್ಲಿ ಪರಿಣಾಮ ಕಾಣಲು ಇನ್ನಷ್ಟು ದಿನ ಬೇಕು.

ಈಗ ಮೂರನೆಯದು, ಬೆಳೆಯ ಹಂತ. ಜಿಪಿಯು-28 ರಾಗಿ ತಳಿ 110ರಿಂದ 115 ದಿನದ್ದು. ಎರಡು ತಿಂಗಳು ದಾಟಿದ ಮೇಲೆ ತೆನೆ ಬಂದು ಹೂವಾಗುತ್ತದೆ. ಆ ಎರಡು ಮೂರು ವಾರ ತೇವ ಇಲ್ಲದಿದ್ದರೆ ಕಾಳು ಕಟ್ಟುವುದಿಲ್ಲ. ಗಿಡ ಚಿಕ್ಕದಿರುವಾಗ ಸ್ವಲ್ಪ ಒಣಗಿದರೆ ರಾಗಿ ತಡೆದುಕೊಂಡು ಮತ್ತೆ ಚಿಗುರುತ್ತದೆ.

2023ನ್ನು ಹೀಗೆ ಬಿಡಿಸಿ ನೋಡಿ. ಜುಲೈ ಕೊನೆಯಲ್ಲಿ ಬಿತ್ತನೆ. ಆಗಸ್ಟ್ ಒಣ. ದೇಶದಲ್ಲಿ 1901ರಿಂದ ಲೆಕ್ಕ ಇಟ್ಟ ಮೇಲೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. 'ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು' ಅನ್ನುತ್ತಾರೆ. ಆ ಮಘೆ ಬೀಳುವುದು ಆಗಸ್ಟ್ ಎರಡನೇ ಅರ್ಧದಲ್ಲೇ. ಆಮೇಲೆ ಬಿದ್ದ ಅಲ್ಪಸ್ವಲ್ಪ ಮಳೆಗೆ ಪೈರು ಎದ್ದು ನಿಂತಿತು, ಹಸಿರಾಯಿತು. ಹೂವಾಗುವ ಹೊತ್ತು ಅಕ್ಟೋಬರ್. ಆಗ ಮತ್ತೆ ಮಳೆ ಕೈಕೊಟ್ಟಿತು. ಎನ್‌ಡಿವಿಐ ಗೆರೆ ಒಂದನ್ನೇ ನೋಡಿದವರಿಗೆ ಸೆಪ್ಟೆಂಬರ್‌ನಲ್ಲಿ ಬೆಳೆ ಚೇತರಿಸಿಕೊಂಡ ಕಥೆ ಕಾಣುತ್ತದೆ. ಒಣ ಅವಧಿ ಹೂವಿನ ಹೊತ್ತಿನ ಮೇಲೇ ಕೂತಿರುವುದು ಮೂರನ್ನೂ ಜೋಡಿಸಿದವರಿಗೆ ಮಾತ್ರ ಗೊತ್ತಾಗುತ್ತದೆ.

ಹೆಜ್ಜೆ 6: ಬಿಸಿ ನೋಡುವುದು

ಇದು ಬೇಕಾದವರಿಗೆ. ನೀರು ಸಾಲದಿದ್ದರೆ ಗಿಡ ಎಲೆಯ ರಂಧ್ರ ಮುಚ್ಚಿಕೊಳ್ಳುತ್ತದೆ. ಬೆವರುವುದು ನಿಂತ ಮೇಲೆ ಎಲೆ ಬಿಸಿಯಾಗುತ್ತದೆ. ಇದು ಬಣ್ಣ ಬದಲಾಗುವ ಮುಂಚೆಯೇ ಆಗುವ ಬದಲಾವಣೆ.

ಲ್ಯಾಂಡ್‌ಸ್ಯಾಟ್ 8 ಮತ್ತು 9 ಸೇರಿ 8 ದಿನಕ್ಕೊಮ್ಮೆ ನೆಲದ ಬಿಸಿ ಅಳೆಯುತ್ತವೆ. ಅಮೆರಿಕದ ಭೂಗರ್ಭ ಸಮೀಕ್ಷಾ ಸಂಸ್ಥೆಯ ಅರ್ಥ್ ಎಕ್ಸ್‌ಪ್ಲೋರರ್‌ನಲ್ಲಿ ಲೆವೆಲ್-2 ಚಿತ್ರ ಉಚಿತ. ಉಷ್ಣಾಂಶದ ಬ್ಯಾಂಡ್‌ನ ಅಂಕಿಯನ್ನು 0.00341802ರಿಂದ ಗುಣಿಸಿ 149 ಕೂಡಿಸಿದರೆ ಕೆಲ್ವಿನ್. ಅದರಲ್ಲಿ 273.15 ಕಳೆದರೆ ಸೆಲ್ಸಿಯಸ್. ಫೈಲ್ 30 ಮೀಟರಿನದಾದರೂ ಉಪಕರಣ ನಿಜಕ್ಕೂ ನೋಡಿರುವುದು 100 ಮೀಟರಿಗೆ, ಅಂದರೆ ಎರಡೂವರೆ ಎಕರೆಗೆ. ಹಾಗಾಗಿ ಸಣ್ಣ ಹೊಲಕ್ಕೆ ಇದು ಬೇಡ. ಉಷ್ಣಾಂಶ ಎಷ್ಟಿದೆ ಅನ್ನುವುದಕ್ಕಿಂತ ನೀರಾವರಿ ಹೊಲಕ್ಕಿಂತ ಎಷ್ಟು ಜಾಸ್ತಿ ಅಂತ ನೋಡಿ.

ಒಂದು ಮಿತಿ ಇದೆ. ಸೆಂಟಿನೆಲ್ಲೂ ಲ್ಯಾಂಡ್‌ಸ್ಯಾಟ್ಟೂ ಹಾಯುವುದು ಬೆಳಿಗ್ಗೆ ಹತ್ತೂವರೆಯ ಆಸುಪಾಸು. ಮೆಕ್ಕೆಜೋಳ ಎಲೆ ಸುರುಳಿ ಸುತ್ತಿಕೊಂಡು ಸೋತು ನಿಲ್ಲುವುದು ಮಧ್ಯಾಹ್ನ ಎರಡಕ್ಕೆ. ಆ ಸ್ಥಿತಿ ಈ ಚಿತ್ರಗಳಲ್ಲಿ ಬರುವುದಿಲ್ಲ.

ಮೋಡ ಕವಿದ ವಾರಗಳಿಗೆ ರಾಡಾರ್ ಇದೆ. ಸೆಂಟಿನೆಲ್-1 ಮೋಡದ ಆಚೆಗೂ ನೋಡುತ್ತದೆ. 2025ರ ಜುಲೈ 30ರಂದು ಇಸ್ರೊ ಶ್ರೀಹರಿಕೋಟಾದಿಂದ ಹಾರಿಸಿದ ನಿಸಾರ್ ಕೂಡ ರಾಡಾರ್ ಉಪಗ್ರಹವೇ. ಆದರೆ ರಾಡಾರ್ ಸಂಖ್ಯೆ ಓದುವುದು ಬೇರೆಯದೇ ವಿದ್ಯೆ. ಮೊದಲ ಹಂಗಾಮಿನಲ್ಲಿ ಅದಕ್ಕೆ ಕೈ ಹಾಕದಿರುವುದು ಒಳ್ಳೆಯದು.

ಹೆಜ್ಜೆ 7: ಹೊಲಕ್ಕೆ ಹೋಗಿ

ಗಿಡಕ್ಕೆ ಏನೋ ಆಗಿದೆ ಅಂತ ಉಪಗ್ರಹ ಹೇಳಬಲ್ಲದು. ಯಾಕೆ ಅಂತ ಹೇಳಲಾರದು. 2022ರ ಕೊನೆಯಲ್ಲಿ ಕಲಬುರಗಿ ಕಡೆ ತೊಗರಿ ಒಣಗಿದ್ದು ನೆಟೆ ರೋಗಕ್ಕೆ. ಆ ವರ್ಷ ರಾಜ್ಯದಲ್ಲಿ ಮಳೆ ವಾಡಿಕೆಗಿಂತ ಜಾಸ್ತಿಯೇ ಆಗಿತ್ತು. ಮೇಲಿಂದ ನೋಡಿದರೆ ನೆಟೆಗೂ ಬರಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ, ಎರಡರಲ್ಲೂ ಸೂಚ್ಯಂಕ ಬೀಳುತ್ತದೆ. ಮಲೆನಾಡಿನ ಅಡಿಕೆಯ ಎಲೆಚುಕ್ಕೆ ರೋಗ, ತಿಪಟೂರು ಕಡೆಯ ತೆಂಗಿನ ಬಿಳಿನೊಣ, ಕಪ್ಪುತಲೆ ಹುಳು ಇವೂ ಅಷ್ಟೇ. ನೀರು ನಿಂತು ಬೇರು ಕೊಳೆತರೂ ಗೆರೆ ಕೆಳಗೇ ಹೋಗುತ್ತದೆ.

ಆದ್ದರಿಂದ ಗ್ರಾಫ್‌ನಲ್ಲಿ ಅನುಮಾನ ಬಂದ ಹೊಲಕ್ಕೆ ಒಂದು ವಾರದೊಳಗೆ ಹೋಗಿ ಬನ್ನಿ. ಚೆನ್ನಾಗಿ ಕಂಡ ಹೊಲಕ್ಕೂ ಹೋಗಿ, ಹಸಿರು ಬರ ಅಡಗಿರುವುದು ಅಲ್ಲೇ. ಬದುವಿನ ಮೇಲೆ ನಿಂತು ಫೋಟೊ ತೆಗೆದರೆ ಏನೂ ಸಿಗದು. ಹೊಲದ ನಡುವೆ ಐದು ಕಡೆ ನಿಲ್ಲಿ. ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿ ಊದಿ. ಕಾಳು ಉಳಿಯಿತೋ ಹೊಟ್ಟೇ ಹಾರಿಹೋಯಿತೋ ಬರೆದುಕೊಳ್ಳಿ. ಒಂದು ಗಿಡ ಕಿತ್ತು ಬೇರು ನೋಡಿ. ಗೇಣುದ್ದ ಅಗೆದು ಮಣ್ಣು ಹಿಡಿಯಿರಿ, ಉಂಡೆ ಕಟ್ಟುತ್ತದೆಯೋ ಉದುರುತ್ತದೆಯೋ? ಕಳೆ ಎಷ್ಟಿದೆ ನೋಡಿ. ಉಪಗ್ರಹಕ್ಕೆ ಕಳೆಯೂ ಹಸಿರೇ, ರಾಗಿಯೂ ಹಸಿರೇ. ಫೋಟೊದಲ್ಲಿ ಜಿಪಿಎಸ್ ಆನ್ ಇರಲಿ.

ರೈತರನ್ನು ಕೇಳುವಾಗ 'ಬರ ಬಂದಿದೆಯಾ' ಅಂತ ಕೇಳಬೇಡಿ. ಪರಿಹಾರದವರು ಬಂದರು ಅಂದುಕೊಳ್ಳುತ್ತಾರೆ, ಉತ್ತರವೂ ಹಾಗೇ ಬರುತ್ತದೆ. 'ಯಾವಾಗ ಬಿತ್ತಿದ್ರಿ, ಕೊನೇ ಹದ ಮಳೆ ಯಾವಾಗ ಆಯ್ತು, ಎಷ್ಟು ಚೀಲ ಆಗಬಹುದು' ಅಂತ ಕೇಳಿ.

ತೋಟ, ಕಾಡು ಆದರೆ ಏನು ಬದಲಾಗುತ್ತದೆ?

ಅಡಿಕೆ ತೋಟ, ಮಲೆನಾಡಿನ ಕಾಡಿನಂಥ ದಟ್ಟ ಹಸಿರಿನಲ್ಲಿ ಎನ್‌ಡಿವಿಐ ಮೇಲಕ್ಕೆ ಹೋಗಿ ಅಲ್ಲೇ ನಿಂತುಬಿಡುತ್ತದೆ. ಅಲ್ಲಿ ಬಿ4ರ ಬದಲು ಬಿ5, ಬಿ8ರ ಬದಲು ಬಿ8ಎ ಹಾಕಿ ಇದೇ ಲೆಕ್ಕ ಮಾಡಿ. ಅದು ಎನ್‌ಡಿಆರ್‌ಇ, ಸ್ವಲ್ಪ ಸೂಕ್ಷ್ಮ. ಕೊಡಗಿನ ಕಾಫಿ ತೋಟದವರಿಗೆ ಒಂದು ಬೇಸರದ ಸುದ್ದಿ: ಉಪಗ್ರಹ ನೋಡುವುದು ಬಹುಪಾಲು ಮೇಲಿನ ಸಿಲ್ವರ್ ಓಕ್ ಮತ್ತು ನೆರಳಿನ ಮರಗಳನ್ನು. ಕೆಳಗಿನ ಕಾಫಿ ಗಿಡ ಬಾಡಿದ್ದು ಅದಕ್ಕೆ ತಿಳಿಯುವುದು ಅಷ್ಟಕ್ಕಷ್ಟೆ.

ಬಂಡೀಪುರ, ನಾಗರಹೊಳೆಯ ಎಲೆ ಉದುರುವ ಕಾಡು ಫೆಬ್ರುವರಿ, ಮಾರ್ಚ್‌ನಲ್ಲಿ ಬೋಳಾಗುವುದು ಪ್ರತಿ ವರ್ಷದ ಕ್ರಮ. ಅದನ್ನು ನವೆಂಬರ್ ಚಿತ್ರಕ್ಕೆ ಹೋಲಿಸಿ ಕಾಡು ಸಾಯುತ್ತಿದೆ ಅಂತ ಹಂಚುವವರನ್ನು ನೋಡುತ್ತಲೇ ಇರುತ್ತೇವೆ. ಮಾರ್ಚ್‌ಗೆ ಮಾರ್ಚನ್ನೇ ಹೋಲಿಸಬೇಕು.

ಹವಾಮಾನ ಬದಲಾವಣೆ ಅನ್ನುವ ಮಾತು ಯಾವಾಗ ಆಡಬಹುದು?

ಒಂದು ವರ್ಷದ ಬರ ಹಿಡಿದು ಆ ಮಾತು ಹೇಳಲಾಗದು. ಸೆಂಟಿನೆಲ್-2ಕ್ಕೆ ಇನ್ನೂ ವಯಸ್ಸು ಸಾಲದು. ಉದ್ದ ಲೆಕ್ಕಕ್ಕೆ 2000ದಿಂದ ಇರುವ ಮೋಡಿಸ್‌ನ 250 ಮೀಟರ್, 16 ದಿನಕ್ಕೊಮ್ಮೆಯ ಎನ್‌ಡಿವಿಐ ತೆಗೆದುಕೊಳ್ಳಿ. ಪ್ರತಿ ವರ್ಷದ ಅದೇ ಹಂಗಾಮಿನ ಸರಾಸರಿ ಹಾಕಿ, ಏರಿಕೆ ಇಳಿಕೆ ನಿಜವೋ ಕಾಕತಾಳೀಯವೋ ಅಂತ ಮ್ಯಾನ್-ಕೆಂಡಾಲ್ ಪರೀಕ್ಷೆಯಲ್ಲಿ ನೋಡಬಹುದು. ಮೋಡಿಸ್ ಹೊತ್ತ ಟೆರಾ ಉಪಗ್ರಹಕ್ಕೆ ವಯಸ್ಸಾಗಿದೆ, ಇತ್ತೀಚಿನ ವರ್ಷಗಳಲ್ಲಿ ತನ್ನ ಹಳೇ ಹೊತ್ತಿಗಿಂತ ಬೇಗ ಹಾಯುತ್ತಿದೆ. ಹಾಗಾಗಿ ಈಚಿನ ವರ್ಷಗಳಿಗೆ ವಿಐಐಆರ್‌ಎಸ್ ಎಂಬ ಉಪಕರಣದ ಚಿತ್ರವನ್ನೂ ಪಕ್ಕದಲ್ಲಿಡಿ.

ಗೆರೆ ಮೇಲೇರಿದರೆ ಖುಷಿಪಡುವ ಮುಂಚೆ ಕಾರಣ ಹುಡುಕಿ. 2019ರಲ್ಲಿ ಬಂದ ಒಂದು ಮೋಡಿಸ್ ಅಧ್ಯಯನ ಚೀನಾ ಮತ್ತು ಭಾರತ ಹಸಿರು ಹೆಚ್ಚಿಸಿಕೊಳ್ಳುವುದರಲ್ಲಿ ಮುಂದಿವೆ ಎಂದಿತು. ಭಾರತದ ಆ ಹಸಿರಿನಲ್ಲಿ ಶೇ 82 ಬಂದದ್ದು ಹೊಲಗದ್ದೆಯಿಂದ, ಕಾಡಿನ ಪಾಲು ಶೇ 4.4. ಕೋಲಾರದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಬರುತ್ತಿದೆ. ಅಲ್ಲಿ ಆ ನಂತರ ಹಸಿರು ಹೆಚ್ಚಿದ್ದು ಕಂಡರೆ ಮಳೆ ಸುಧಾರಿಸಿತು ಅಂತ ಬರೆಯುವ ಹಾಗಿಲ್ಲ. ಬೋರ್‌ವೆಲ್ ಕೊರೆದು ತೋಟ ಮಾಡಿದರೂ ಗೆರೆ ಏರುತ್ತದೆ, ಅಂತರ್ಜಲ ಇಳಿಯುತ್ತಿರುತ್ತದೆ. ಮಳೆಯಾಶ್ರಿತ ಹೊಲ, ಜನರ ಕೈ ಹೆಚ್ಚು ಆಡದ ಕುರುಚಲು ಕಾಡು, ಇಂಥ ಜಾಗಗಳನ್ನೇ ಆರಿಸಿದರೆ ಹವಾಮಾನದ ಮಾತು ಸ್ವಲ್ಪ ಸ್ಪಷ್ಟವಾಗಿ ಕೇಳಿಸುತ್ತದೆ.

ಹೆಜ್ಜೆ 8: ಬರೆದಿಡುವುದು

ಪ್ರತಿ ಹೊಲಕ್ಕೆ ಒಂದು ಸಾಲು ಸಾಕು. ತಾರೀಖು, ಬೆಳೆ, ಬಿತ್ತಿ ಎಷ್ಟು ದಿನ, ಎನ್‌ಡಿವಿಐ, ಎನ್‌ಡಿಎಂಐ, ಎರಡರ ವಿಸಿಐ, ಕಳೆದ ನಾಲ್ಕು ವಾರದ ಮಳೆ ವಾಡಿಕೆಯ ಶೇಕಡಾ ಎಷ್ಟು, ಹೊಲದಲ್ಲಿ ಕಂಡದ್ದು. ಎಷ್ಟು ಪಿಕ್ಸೆಲ್ ಮೋಡಕ್ಕೆ ಹೋಯಿತು ಅನ್ನುವುದನ್ನೂ ಬರೆಯಿರಿ. ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ ಆ ದಿನದ ಸಂಖ್ಯೆ ಬಿಟ್ಟುಬಿಡಿ.

ಈ ನಕ್ಷೆ ತೋರಿಸಿದರೆ ಬೆಳೆ ವಿಮೆ ಸಿಗುತ್ತದೆ ಅಂತ ಯಾರಿಗೂ ಆಸೆ ಹುಟ್ಟಿಸಬೇಡಿ. ಮುಖ್ಯ ಬೆಳೆಗಳ ನಷ್ಟ ಲೆಕ್ಕವಾಗುವುದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ, ಬೆಳೆ ಕಟಾವು ಪ್ರಯೋಗದ ಮೇಲೆ. ಆದರೆ ಪಂಚಾಯಿತಿಯಲ್ಲಿ, ರೈತ ಸಂಪರ್ಕ ಕೇಂದ್ರದಲ್ಲಿ ಮಾತಾಡುವಾಗ 'ನಮ್ಮ ಕಡೆ ಹೂವಿನ ಹೊತ್ತಿಗೇ ನಾಲ್ಕು ವಾರ ಮಳೆ ಇಲ್ಲ, ನೋಡಿ' ಅಂತ ತಾರೀಖು ಸಮೇತ ಹೇಳಲು ಇದು ಚೆನ್ನಾಗಿ ಒದಗುತ್ತದೆ.

ಗಡಿ ಬರೆಯುವ ಕೆಲಸವನ್ನು ಏಪ್ರಿಲ್ ಕೊನೆಯಲ್ಲೇ ಮುಗಿಸಿಕೊಳ್ಳಿ. ಆಗ ಆಕಾಶ ಸಾಮಾನ್ಯವಾಗಿ ತಿಳಿ, ಮಳೆಯಾಶ್ರಿತ ಹೊಲಗಳೆಲ್ಲ ಖಾಲಿ. ಎನ್‌ಡಿವಿಐ ಪದರ ಹಾಕಿದರೆ ಹಸಿರಾಗಿ ಉಳಿಯುವುದು ಬದುವಿನ ಹೊಂಗೆ, ಬೇವು, ಜಾಲಿ ಮತ್ತು ಬೋರ್‌ವೆಲ್ ತೋಟಗಳು ಮಾತ್ರ. ನಿಮ್ಮ ಗೆರೆಯೊಳಗೆ ಯಾವ ಪಿಕ್ಸೆಲ್ ಬಿಡಬೇಕು ಅನ್ನುವುದು ಆ ಒಂದು ಚಿತ್ರದಲ್ಲೇ ಗೊತ್ತಾಗುತ್ತದೆ.